ಹಳೆಯ ವಿಂಡೋಸಿಗೆ ಮರಳುವ ಮುನ್ನ

ಹರಿಹರದಲ್ಲಿ ನೆಲಸಿರುವ ನಿವೃತ್ತ ಉಪಾಧ್ಯಾಯರೊಬ್ಬರು ಈಚೆಗೆ ಒಂದು ಸಂಜೆ ನನ್ನನ್ನು ದೂರವಾಣಿಯಲ್ಲಿ ಕರೆದರು. ದನಿ ಬಿದ್ದುಹೋಗಿತ್ತು. ಸುತ್ತಮುತ್ತಲ ಹಳ್ಳಿಗಳಲ್ಲಿ ಮುದುಕಿಯರ ಬಾಯಿಂದ ಕೇಳಿ ಹಲವು ವರ್ಷ ಬರೆದಿಟ್ಟುಕೊಂಡ ಸೋಬಾನೆ ಪದಗಳು, ಒಗಟುಗಳು, ಗಾದೆಗಳು ಎಲ್ಲವೂ ಅವರ ಮನೆಯ ಕಂಪ್ಯೂಟರಿನಲ್ಲಿದ್ದುವು. ಹಾಡಿದವರಲ್ಲಿ ಬಹು ಮಂದಿ ಈಗಿಲ್ಲ. ಕಂಪ್ಯೂಟರು ಹಳತಾಯಿತೆಂದು ದಾವಣಗೆರೆಯ ಅಂಗಡಿಯೊಂದಕ್ಕೆ ಕೊಂಡೊಯ್ದು ಹೊಸ ವಿಂಡೋಸ್ ಹಾಕಿಸಿಕೊಂಡು ಬಂದರು. ಮನೆಗೆ ಬಂದು ಕಡತವನ್ನು ತೆರೆದರೆ ಅದರಲ್ಲಿ ಕನ್ನಡವೇ ಇಲ್ಲ! 'ಕನ್ನಡ' ಎಂದಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೆರೆ ಹೊತ್ತ 'ಎ', ಅದರ ಪಕ್ಕದಲ್ಲಿ ಪೌಂಡ್ ನಾಣ್ಯದ ಗುರುತು, ಹೀಗೆ ಪುಟದ ತುಂಬ ಗೋಜಲು.

ಅಂಗಡಿಯ ಹುಡುಗ ಧೈರ್ಯ ಹೇಳಿದನಂತೆ: "ಯೋಚನೆ ಮಾಡಬ್ಯಾಡ್ರಿ ಮೇಷ್ಟ್ರೇ, ಇನ್ನೊಂದ್ ಸಲ ಪೂರಾ ಫಾರ್ಮ್ಯಾಟ್ ಹೊಡೆದು ಹಳೇ ವಿಂಡೋಸೇ ಹಾಕ್ಕೊಡ್ತೀನಿ." ನಾನು ಹೇಳಿದ್ದು ಒಂದೇ ಮಾತು: "ಯಂತ್ರವನ್ನು ಆರಿಸಿಡಿ, ನಾಳೆ ಬೆಳಿಗ್ಗೆ ಬರುತ್ತೇನೆ. ಅಲ್ಲಿಯವರೆಗೆ ಯಾರ ಕೈಗೂ ಕೊಡಬೇಡಿ."

ಇಂಥ ಪೇಚು ನಿಮ್ಮ ಮನೆಗೂ ಬರಬಹುದು. ಆದುದರಿಂದ ಹಳೆಯ ವ್ಯವಸ್ಥೆಗೆ ಮರಳುವುದೆಂದರೇನು, ಅದು ಯಾವಾಗ ಸುಲಭ, ಯಾವಾಗ ಅಪಾಯ ಎಂಬುದನ್ನು ತಿಳಿದಿರುವುದು ಲೇಸು.

ಆಪರೇಟಿಂಗ್ ಸಿಸ್ಟಂ ಎಂಬುದನ್ನು ದಾವಣಗೆರೆಯವರಿಗೆ ವಿವರಿಸುವುದು ಕಷ್ಟವಲ್ಲ. ಮಂಡಿಯಲ್ಲಿ ದಲ್ಲಾಳಿ ಅಂಗಡಿಯ ಗುಮಾಸ್ತನನ್ನು ನೋಡಿರುವಿರಷ್ಟೆ? ರೈತನು ನೇರವಾಗಿ ಖರೀದಿದಾರನ ಬಳಿಗೆ ಹೋಗುವುದಿಲ್ಲ. ತೂಕ, ಹಮಾಲಿ, ಚೀಟಿ, ಲೆಕ್ಕ ಎಲ್ಲವೂ ಗುಮಾಸ್ತನ ಮೂಲಕವೇ ನಡೆಯಬೇಕು. ನೀವು ಬರೆಯುವ, ಲೆಕ್ಕವಿಡುವ ತಂತ್ರಾಂಶಗಳು ರೈತರಿದ್ದಂತೆ. ಮುದ್ರಣಯಂತ್ರ, ಡಿಸ್ಕು, ಕೀಲಿಮಣೆಗಳು ಅತ್ತ ಕಡೆಯವು. ನಡುವೆ ವಿಂಡೋಸ್ ಎಂಬ ಗುಮಾಸ್ತ. ಗುಮಾಸ್ತ ಬದಲಾದನೆಂದರೆ ಹಳೆಯ ಹಮಾಲಿಗಳ ಗುರುತು ಹೊಸಬನಿಗೆ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಈ ಹಮಾಲಿಗಳಿಗೆ ಡ್ರೈವರ್ ಎಂದು ಹೆಸರು. ಹತ್ತು ಹದಿನೈದು ವರ್ಷದ ಪ್ರಿಂಟರು ಹೊಸ ವಿಂಡೋಸಿನಲ್ಲಿ ಮೌನ ತಾಳುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ವಿಂಡೋಸ್ ೧೦ರಲ್ಲಿ ೩೨ ಬಿಟ್ಟಿನದು, ೬೪ ಬಿಟ್ಟಿನದು ಎಂದು ಎರಡು ಬಗೆಗಳಿದ್ದುವು. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ರಲ್ಲಿ ೬೪ ಬಿಟ್ಟಿನದು ಮಾತ್ರ ಉಂಟು. ೩೨ ಬಿಟ್ಟಿನ ಡ್ರೈವರ್ ಮಾತ್ರ ಇರುವ ಪ್ರಿಂಟರು ಅಲ್ಲಿ ಕೆಲಸ ಮಾಡದು. ಮನೆಯಲ್ಲಿಯೇ ಲಗ್ನಪತ್ರಿಕೆ ಅಚ್ಚುಮಾಡಿ ಕೊಡುವವರು ಹಳೆಯದೇ ಬೇಕೆನ್ನುವುದರಲ್ಲಿ ಹುರುಳಿಲ್ಲದಿಲ್ಲ.

ಮರಳುವುದಕ್ಕೆ ಒಂದು ಹೆದ್ದಾರಿಯೂ ಒಂದು ಕಾಡುದಾರಿಯೂ ಇವೆ. ಇದ್ದ ವಿಂಡೋಸ್ ೧೦ರ ಮೇಲೆಯೇ ೧೧ನ್ನು ಏರಿಸಿದ್ದರೆ, ಹಳೆಯ ವ್ಯವಸ್ಥೆಯು ಅಳಿದುಹೋಗಿರುವುದಿಲ್ಲ. 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಗಂಟುಕಟ್ಟಿ ಇಟ್ಟಿರುತ್ತದೆ. ಅಂಥ ಯಂತ್ರದಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಂ, ಅದರೊಳಗೆ ರಿಕವರಿ ಎಂದು ಹೋದರೆ 'ಗೋ ಬ್ಯಾಕ್' ಎಂಬ ಗುಂಡಿ ಕಾಣುವುದು. ಒತ್ತಿದರೆ ನಿಮ್ಮ ಕಾಗದಪತ್ರ, ಚಿತ್ರಗಳು ಉಳಿಯುತ್ತವೆ. ೧೧ ಬಂದ ಮೇಲೆ ಹಾಕಿಕೊಂಡ ತಂತ್ರಾಂಶ, ಡ್ರೈವರುಗಳು ಮಾತ್ರ ಹೋಗುತ್ತವೆ. ಆದರೆ ಗಡುವು ಹತ್ತೇ ದಿನ. ಹನ್ನೊಂದನೆಯ ದಿನ ಆ ಗಂಟನ್ನು ಯಂತ್ರವೇ ಎಸೆಯುತ್ತದೆ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ಪಿನಿಂದ ಅದನ್ನು ನೀವೇ ಅಳಿಸಿದರೂ ದಾರಿ ಮುಚ್ಚಿತು. ಹೊಸದು ಒಗ್ಗೀತೋ ಇಲ್ಲವೋ ಎಂಬ ಅನುಮಾನವಿದ್ದರೆ, ನಿಮ್ಮ ಪ್ರಿಂಟರು, ಸ್ಕ್ಯಾನರು, ಕನ್ನಡ ಬರವಣಿಗೆ ಎಲ್ಲವನ್ನೂ ಮೊದಲ ವಾರದಲ್ಲಿಯೇ ಪರೀಕ್ಷಿಸಿಬಿಡಿ. ಹಬ್ಬಕ್ಕೆ ಮಗ ಬರಲಿ, ಅವನು ನೋಡುತ್ತಾನೆ ಎಂದು ಕಾದವರಿಗೆ ಗುಂಡಿ ಸಿಕ್ಕದು.

ಗಡುವು ಮೀರಿದವರಿಗೂ, ಅಂಗಡಿಯವರು ಡಿಸ್ಕನ್ನು ಒರೆಸಿ ಹೊಸದಾಗಿ ಹಾಕಿಕೊಟ್ಟವರಿಗೂ, ೧೧ರೊಡನೆಯೇ ಕೊಂಡವರಿಗೂ ಉಳಿದುದು ಕಾಡುದಾರಿ. ಕನಿಷ್ಠ ೮ ಜಿಬಿ ಪೆನ್‌ಡ್ರೈವಿನಲ್ಲಿ ಹಳೆಯ ವಿಂಡೋಸನ್ನು ತುಂಬಿ, ಯಂತ್ರವನ್ನು ಅದರಿಂದಲೇ ಎಬ್ಬಿಸಿ, ಹೊಸದಾಗಿ ಸ್ಥಾಪಿಸಬೇಕು. ಇದರಲ್ಲಿ ಡಿಸ್ಕಿನ ಭಾಗವನ್ನು ಒರೆಸುವ ಹಂತವೊಂದು ಬರುತ್ತದೆ. ಆಗ ತಪ್ಪು ಭಾಗದ ಮೇಲೆ ಬೆರಳಿಟ್ಟರೆ ಅದರಲ್ಲಿದ್ದುದೆಲ್ಲ ಹೋಯಿತೆಂದೇ ತಿಳಿಯಬೇಕು. ಪುಣ್ಯಕ್ಕೆ, ಅದೇ ಯಂತ್ರದಲ್ಲಿ ಹಿಂದೆ ನ್ಯಾಯವಾಗಿ ವಿಂಡೋಸ್ ೧೦ ನಡೆದಿದ್ದರೆ ಪರವಾನಗಿಗೆ ಮತ್ತೆ ಹಣ ತೆರಬೇಕಾದುದಿಲ್ಲ. ಅಂತರ್ಜಾಲಕ್ಕೆ ಸೇರಿದೊಡನೆ ಗುರುತು ಹತ್ತುತ್ತದೆ. ಇನ್ನೊಂದು ಎಚ್ಚರಿಕೆ: ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ತಾನಾಗಿ ಬಿದ್ದಿರುತ್ತದೆ. ಅದರ ೪೮ ಅಂಕೆಗಳ ಕೀಲಿಯನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದೆ ಇಂಥ ಕೆಲಸಕ್ಕೆ ಕೈಹಾಕಬಾರದು.

"ಹಳೆಯದು ಚೆನ್ನಾಗಿಯೇ ಇತ್ತಲ್ಲ, ಅದನ್ನೇ ಇಟ್ಟುಕೊಂಡರೇನು?" ಎಂದು ಹರಿಹರದವರು ಕೇಳಿದರೆ ಅವರಿಗೆ ಹಾಗೆ ಕೇಳುವ ಹಕ್ಕಿದೆ. ೧೯೪೧ರಲ್ಲಿ ಅವರ ಊರಿನಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೂ ಅಲ್ಲಿ ತಯಾರಾದ ಲೇತಿಗೆ ಎಣ್ಣೆ ಬಿಟ್ಟು, ಸವೆದ ಭಾಗ ಬದಲಿಸಿದರೆ ಅದು ಇಂದಿಗೂ ತಿರುಗುತ್ತದೆ. ಲೇತಿಗೆ ಹೊರಗಿನ ಶತ್ರುವಿಲ್ಲ. ಅಂತರ್ಜಾಲಕ್ಕೆ ಸೇರಿದ ಕಂಪ್ಯೂಟರಿನ ಸ್ಥಿತಿ ಹಾಗಲ್ಲ. ಅದರ ಬಾಗಿಲನ್ನು ಹಗಲಿರುಳು ಯಾರೋ ತಟ್ಟಿ ನೋಡುತ್ತಲೇ ಇರುತ್ತಾರೆ. ಬಿರುಕು ಕಂಡಾಗಲೆಲ್ಲ ತಯಾರಕರು ತೇಪೆ ಕಳುಹಿಸುತ್ತಾರೆ. ಆ ತೇಪೆ ನಿಂತ ದಿನವೇ ವ್ಯವಸ್ಥೆ ನಿಜವಾಗಿ ಹಳತಾಗುವುದು. ವಿಂಡೋಸ್ ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದು, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ತೇಪೆಗಳು ನಿಂತುವು. ೧೦ಕ್ಕೆ ಮರಳುವ ಮನೆಯವರು ಹೆಚ್ಚುವರಿ ಭದ್ರತೆಯ ಏರ್ಪಾಡಿಗೆ ಹೆಸರು ನೋಂದಾಯಿಸಬೇಕೆಂದೂ, ಅದು ೨೦೨೬ರ ಅಕ್ಟೋಬರ್ ೧೩ರವರೆಗೆ ಎಂದೂ ಮೈಕ್ರೋಸಾಫ್ಟ್ ಪ್ರಕಟಿಸಿತು. ಎಕ್ಸ್‌ಪಿ, ೭ಕ್ಕೆ ಮರಳಲೇಬೇಕಾದರೆ ಆ ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿ ಅಚ್ಚಿನ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡಕೂಡದು.

ಇನ್ನು ಮೇಷ್ಟರ ಕಡತದ ಮಾತು. ಮರುದಿನ ಬೆಳಿಗ್ಗೆ ಹೋದವನು ಮೊದಲು ಮಾಡಿದ ಕೆಲಸವೆಂದರೆ ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವಿಗೆ ನಕಲು ಮಾಡಿದ್ದು. ಅಷ್ಟು ವರ್ಷದ ಸಂಗ್ರಹಕ್ಕೆ ಅಲ್ಲಿಯವರೆಗೆ ಎರಡನೆಯ ಪ್ರತಿಯೇ ಇರಲಿಲ್ಲ! ಆಮೇಲೆ ನೋಡಿದರೆ ಹಾಡುಗಳು ಎಲ್ಲಿಯೂ ಹೋಗಿರಲಿಲ್ಲ.

ಅವರು ಬರೆದದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯನ್ನು ಸರ್ಕಾರಿ ಕಚೇರಿಗಳಿಂದ ಹಿಡಿದು ಸಣ್ಣ ಅಚ್ಚುಕೂಟಗಳವರೆಗೆ ಎಲ್ಲರೂ ಬಳಸಿದ್ದಾರೆ. ಅದರ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರ ಯೋಜನೆಯನ್ನು ಅನುಸರಿಸಿದ್ದು. ಆ ಕಾಲದಲ್ಲಿ ಕಂಪ್ಯೂಟರಿನೊಳಗೆ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲವೆಂದೇ ಹೇಳಬೇಕು. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಬಾಡಿಗೆಗೆ ಹಿಡಿದು, ಫಾಂಟಿನಲ್ಲಿ ಅವುಗಳ ಮೇಲೆ ಕನ್ನಡದ ಆಕೃತಿಗಳನ್ನು ಬರೆದಿದ್ದರು. ಫಾಂಟು ಇರುವ ಯಂತ್ರದಲ್ಲಿ ಅದು ಕನ್ನಡ. ಫಾಂಟಿಲ್ಲದ ಯಂತ್ರದಲ್ಲಿ ಮುಸುಕು ಜಾರಿ ಪೌಂಡ್ ಗುರುತು ಹೊರಬೀಳುತ್ತದೆ. ಮೇಷ್ಟರ ಅಂಗಡಿಯಲ್ಲಿ ಕಡತಗಳನ್ನು ಜೋಪಾನವಾಗಿಯೇ ಉಳಿಸಿದ್ದರು. ನುಡಿಯನ್ನು ಹಾಕುವುದು ಮರೆತಿದ್ದರು, ಅಷ್ಟೆ. ನುಡಿಯನ್ನು ಮತ್ತೆ ಸ್ಥಾಪಿಸಿದೊಡನೆ ಮೊದಲ ಪುಟದ ಸೋಬಾನೆ ಪದ ಇದ್ದಂತೆಯೇ ಮೂಡಿತು. ಹಳೆಯ ವಿಂಡೋಸಿಗೆ ಮರಳುವ ಅಗತ್ಯವೇ ಇರಲಿಲ್ಲ.

ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟದ್ದು ಯೂನಿಕೋಡ್. ೨೦೦೧ರಲ್ಲಿ ಬಂದ ಎಕ್ಸ್‌ಪಿಯೊಂದಿಗೆ ಆ ಕ್ರಮದ ಕನ್ನಡ ಫಾಂಟೊಂದು ಬಂದಿತು. ಅದರ ಹೆಸರು 'ತುಂಗಾ'. ತುಂಗಭದ್ರೆಯ ದಂಡೆಯವರಿಗೆ ಇದು ಕೇಳಲು ಹಿತವಾದೀತು. ಈಗಿನ ವಿಂಡೋಸಿನಲ್ಲಿ 'ನಿರ್ಮಲಾ' ಎಂಬ ಫಾಂಟಿನಿಂದ ಕನ್ನಡ ತಾನಾಗಿಯೇ ಕಾಣುತ್ತದೆ. 'ತುಂಗಾ' ಬೇಕೆಂದವರು ಹೆಚ್ಚುವರಿ ಸೌಲಭ್ಯಗಳ ಪಟ್ಟಿಯಿಂದ ತರಿಸಿಕೊಳ್ಳಬೇಕು.

ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳಿವೆ. ಕೆಲಸ ಬೇಗ ಆಗುತ್ತದೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಮುಖ್ಯವಾಗಿ ಅರ್ಕಾವೊತ್ತಿನಲ್ಲಿ ಎಡವುತ್ತವೆ. ಹಳೆಯ ಕ್ರಮದಲ್ಲಿ 'ಸೂರ್ಯ' ಎಂಬಲ್ಲಿ ಕಣ್ಣಿಗೆ ಕಾಣುವಂತೆ ಮೊದಲು 'ಯ', ಆಮೇಲೆ ಅರ್ಕಾವೊತ್ತು ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರಬೇಕು. ಈ ಹಿಂದುಮುಂದನ್ನು ಸರಿಪಡಿಸುವಾಗ ಒತ್ತಕ್ಷರ, ದೀರ್ಘಗಳು ಅಲ್ಲಲ್ಲಿ ಚದರುವುದುಂಟು.

ಮೇಷ್ಟರು ಈಗ ಹಳೆಯ ಕಡತವನ್ನು ಹಾಗೆಯೇ ಇಟ್ಟುಕೊಂಡು, ಬದಲಾಯಿಸಿದ ಪ್ರತಿಯನ್ನು ಪಕ್ಕದಲ್ಲಿ ತೆರೆದು ದಿನಕ್ಕೆ ನಾಲ್ಕು ಪುಟದಂತೆ ತಿದ್ದುತ್ತಿದ್ದಾರೆ. ಒಂದು ಪೆನ್‌ಡ್ರೈವು ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದೆ. ಅವರ ಹಳೆಯ ಪ್ರಿಂಟರು ಮಾತ್ರ ಹೊಸ ಗುಮಾಸ್ತನಿಗೆ ಒಗ್ಗಲೇ ಇಲ್ಲ. ಅದರ ಮೇಲೀಗ ಪಂಚಾಂಗವಿದೆ.