ಫಾರ್ಮ್ಯಾಟ್ ಹೊಡೆಯುವ ಮುನ್ನ

ಅಥಣಿ ಕಡೆ ಮನೆಯ ಕಂಪ್ಯೂಟರ್ ಕೈಕೊಟ್ಟಿತೆಂದರೆ ಮೊದಲು ಕಿವಿಗೆ ಬೀಳುವ ಮಾತು, "ವೈರಸ್ ಹೊಕ್ಕೈತ್ರಿ ಕಾಕಾ, ಫಾರ್ಮ್ಯಾಟ್ ಹೊಡಸ್ರಿ." ಹೊಡೆಸಿದ ಮೇಲೆ ಎರಡು ದಿನ ನೆಟ್ಟಗೆ ನಡೆದು ಮತ್ತೆ ಅದೇ ಕಾಟ ಶುರುವಾಗುತ್ತದೆ. ಅಷ್ಟರಲ್ಲಿ ಮದುವೆಯ ಫೋಟೊ, ಕಬ್ಬಿನ ಬಿಲ್ಲಿನ ಲೆಕ್ಕ, ಮಕ್ಕಳ ಪ್ರಾಜೆಕ್ಟು ಎಲ್ಲ ಅಳಿಸಿಹೋಗಿರುತ್ತವೆ. ಈ ನಷ್ಟದಲ್ಲಿ ಬಹುಪಾಲು ತಪ್ಪಿಸಬಹುದಾದದ್ದು.

ಕೇಳಬೇಕಾದ ಪ್ರಶ್ನೆ ಒಂದೇ: ಕಂಪ್ಯೂಟರ್ ಯಾವ ಹಂತದಲ್ಲಿ ನಿಂತಿತು? ಗುಂಡಿ ಒತ್ತಿದಾಗ ಮೊದಲು ಎಸ್‌ಎಂಪಿಎಸ್ ಕರೆಂಟ್ ಕೊಡುತ್ತದೆ. ಆಮೇಲೆ ಮದರ್‌ಬೋರ್ಡು ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇಗಳನ್ನು ತಪಾಸಣೆ ಮಾಡುತ್ತದೆ. ಅದು ಮುಗಿದ ಮೇಲಷ್ಟೇ ಡಿಸ್ಕಿನಿಂದ ವಿಂಡೋಸ್ ಓದಲು ತೊಡಗುತ್ತದೆ. ಪರದೆಯ ಮೇಲೆ ಏನೂ ಮೂಡದೆ ನಿಂತ ಯಂತ್ರ ವಿಂಡೋಸಿನ ಹತ್ತಿರವೇ ಹೋಗಿರುವುದಿಲ್ಲ. ಅಲ್ಲಿ ವೈರಸ್ಸನ್ನು ದೂರುವುದಕ್ಕೂ ಫಾರ್ಮ್ಯಾಟ್ ಹೊಡೆಯುವುದಕ್ಕೂ ಅರ್ಥವಿಲ್ಲ.

"ಬೋರ್ಡಿನ ಮ್ಯಾಲಿನ ದೀಪ ಉರಿಯಾಕತ್ತೈತಿ, ಎಸ್‌ಎಂಪಿಎಸ್ ಚಲೋ ಐತಿ" ಎನ್ನುವುದು ಇನ್ನೊಂದು ಗಟ್ಟಿ ನಂಬಿಕೆ. ಆ ದೀಪ ಉರಿಯಲು 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಸಾಕು. ಪ್ರೊಸೆಸರಿಗೆ ಬೇಕಾದ 12 ವೋಲ್ಟಿನ ಲೈನ್ ಬಿದ್ದುಹೋಗಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಫ್ಯಾನ್ ತಿರುಗಿದ ಮಾತ್ರಕ್ಕೂ ನಂಬುವಂತಿಲ್ಲ. ಮಲ್ಟಿಮೀಟರಿನಲ್ಲಿ ಆ ಲೈನ್ 11.4ರಿಂದ 12.6ರ ನಡುವೆ ಇರಬೇಕು. ಮೀಟರ್ ಇಲ್ಲದಿದ್ದರೆ ಚೆನ್ನಾಗಿರುವ ಬೇರೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ಸರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಚಾರ್ಜ್ ಕೆಲಹೊತ್ತು ಉಳಿದಿರಬಹುದು.

ಕರೆಂಟಿನ ವಿಷಯ ನಮ್ಮ ಕಡೆ ಇನ್ನಷ್ಟು ಬಿಡಿಸಿ ಹೇಳಬೇಕಾದದ್ದು. "ಮನ್ಯಾಗ ಇನ್ವರ್ಟರ್ ಐತಿ, ಯುಪಿಎಸ್ ಯಾಕ ಬೇಕು?" ಎಂದು ಕೇಳುವವರು ಬಹಳ. ಲೈನ್ ಒಮ್ಮೆ ಮಿಣುಕಿದರೆ ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಕರೆಂಟ್ ತಪ್ಪಿದಾಗ ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಲೋಡಿನಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಸ್ ಲೈನಿನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಸಾದಾ ಮೋಡಿನಲ್ಲಿರುವ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಹಲವು ಇನ್ವರ್ಟರುಗಳಲ್ಲಿ 'ಯುಪಿಎಸ್ ಮೋಡ್' ಎಂಬ ಸ್ವಿಚ್ ಇರುತ್ತದೆ. ಮೊದಲು ಅದನ್ನು ಹಾಕಿ ನೋಡಿ. ಯುಪಿಎಸ್ ಇದ್ದವರೂ ಅದರ ಬ್ಯಾಟರಿಯ ವಯಸ್ಸು ಲೆಕ್ಕ ಹಾಕಲಿ: ಎರಡು ಮೂರು ವರ್ಷಕ್ಕೆ ಅದು ಸೋಲುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ.

ಹೀಗೆ ಬಂದ್ ಆದ ಮೇಲೆ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ 'ಕರ್ನಲ್ ಪವರ್ 41' ಎಂದು ಬರೆದಿರುತ್ತದೆ. ಅದನ್ನು ತೋರಿಸಿ ಹೊಸ ಎಸ್‌ಎಂಪಿಎಸ್ ಮಾರುವವರಿದ್ದಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂಬುದಷ್ಟೇ ಆ ಸಾಲಿನ ಅರ್ಥ. ಏಕೆ ನಿಂತಿತೆಂದು ಅದು ಹೇಳುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ "ಏಸಿ ಇಲ್ದ ಕಂಪ್ಯೂಟರ್ ತಾಳೂದಿಲ್ಲ" ಎನ್ನುವುದೂ ಉಂಟು. ಸಾಮಾನ್ಯವಾಗಿ ದೋಷ ಕೋಣೆಯದಲ್ಲ, ಹೀಟ್‌ಸಿಂಕಿನ ಸಂದಿಯಲ್ಲಿ ಹಾಸಿಕೊಂಡ ದೂಳಿನದು. ಪ್ರೊಸೆಸರ್ 100 ಡಿಗ್ರಿಯ ಆಸುಪಾಸಿಗೆ ಬಂದರೆ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ, ಆಗಲೂ ತಣ್ಣಗಾಗದಿದ್ದರೆ ತಾನೇ ಆಫ್ ಆಗುತ್ತದೆ. ಗೇಮ್ ಅಥವಾ ವಿಡಿಯೊ ಕೆಲಸ ನಡೆದಾಗಲೇ ಬಂದ್ ಬೀಳುತ್ತಿದ್ದರೆ ಮೊದಲ ಅನುಮಾನ ಬಿಸಿಯ ಮೇಲಿರಲಿ. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡು ದೂಳು ಊದಿಸಿ. ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ.

"ಡಿಸ್‌ಪ್ಲೇ ಬರವಲ್ದು, ಮಾನಿಟರ್ ಹೋಗೈತಿ" ಎಂದು ಮಾನಿಟರ್ ಹೊತ್ತುಕೊಂಡು ಮಿರಜಕ್ಕೆ ಹೊರಡಬೇಡಿ. 'ನೋ ಸಿಗ್ನಲ್' ಎಂಬ ಅಕ್ಷರ ತೋರಿಸುವ ಮಾನಿಟರ್ ಜೀವಂತವಾಗಿದೆ. ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ರ‍್ಯಾಮ್. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆದು, ಅದರ ಬಂಗಾರ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಟಕ್ ಎನ್ನುವವರೆಗೆ ಮತ್ತೆ ಕೂಡಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ನೀಲಿ ಪರದೆ ಬಂದರೆ ವೈರಸ್ ಎನ್ನುವ ಮಾತಿಗೆ ಇಡೀ ಜಗತ್ತು ಕಂಡ ಉತ್ತರವಿದೆ. 2024ರ ಜುಲೈ 19ರಂದು ಸುಮಾರು 85 ಲಕ್ಷ ಕಂಪ್ಯೂಟರುಗಳು ಒಮ್ಮೆಲೇ ನೀಲಿಯಾದವು, ನಮ್ಮ ದೇಶದಲ್ಲೂ ವಿಮಾನ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಸಿಕ್ಕಿತು. ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್. ಮುಂದುವರಿದರೆ ಹಾನಿ ಹೆಚ್ಚೀತೆಂದು ವಿಂಡೋಸ್ ತನ್ನನ್ನು ತಾನೇ ನಿಲ್ಲಿಸಿಕೊಂಡಾಗ ಈ ಪರದೆ ಬರುತ್ತದೆ. ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು ಬಣ್ಣದ್ದು. ಕೆಳಗಿನ ಸ್ಟಾಪ್ ಕೋಡನ್ನು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ, ರಿಪೇರಿಯವರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ.

'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ಕೋಡನ್ನೇ ನೋಡಿ. ಇದನ್ನು ಕಂಡ ಕೂಡಲೇ ವಿಂಡೋಸ್ ಕೆಟ್ಟಿತೆಂದು ಫಾರ್ಮ್ಯಾಟ್ ಹೊಡೆಯುತ್ತಾರೆ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಇದರ ಬೇರು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟಿನ ಸಿಆರ್2032 ಸೆಲ್ಲಿನಲ್ಲಿರಬಹುದು. ಸೆಲ್ ಮುಗಿದರೆ ಬಯೋಸ್ ತನ್ನ ಸೆಟ್ಟಿಂಗ್ ಮರೆಯುತ್ತದೆ, ಡಿಸ್ಕ್ ಓದುವ ಸಾಟಾ ಮೋಡ್ ಬದಲಾಗುತ್ತದೆ, ವಿಂಡೋಸಿಗೆ ತನ್ನ ಡಿಸ್ಕೇ ಸಿಗುವುದಿಲ್ಲ. ಗಡಿಯಾರವೂ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಈ ಅನುಮಾನ ಗಟ್ಟಿ. ಹೊಸ ಸೆಲ್ ಹಾಕಿ, ಸಾಟಾ ಮೋಡನ್ನು ಮೊದಲಿನಂತೆ ಮಾಡಿದರೆ ಒಂದು ಫೈಲೂ ಹೋಗದೆ ಕಂಪ್ಯೂಟರ್ ತೆರೆದುಕೊಳ್ಳುತ್ತದೆ.

ಡಿಸ್ಕೇ ಸವೆದಿದ್ದರೆ ಫಾರ್ಮ್ಯಾಟ್ ಅದನ್ನು ಗುಣಮಾಡದು, ಬ್ಯಾಡ್ ಸೆಕ್ಟರುಗಳನ್ನು ಬದಿಗಿಟ್ಟು ಕೆಲವು ದಿನ ದೂಡುತ್ತದೆ ಅಷ್ಟೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಕಟಕಟ ಸದ್ದು ಬರುತ್ತಿದ್ದರೆ ಪದೇಪದೇ ಚಾಲೂ ಮಾಡುವುದನ್ನು ನಿಲ್ಲಿಸಿ, ಡೇಟಾ ತೆಗೆಯುವವರ ಕೈಗೆ ಕೊಡಿ.

ಇನ್ನು ಫಾರ್ಮ್ಯಾಟ್ ಆಗಲೇ ಹೊಡೆಸಿ, ಬ್ಯಾಕಪ್ಪಿನಿಂದ ಹಳೆಯ ಕನ್ನಡ ಫೈಲ್ ತೆರೆದು ಗಾಬರಿಯಾದವರಿಗೆ ಒಂದು ಮಾತು. ನುಡಿ, ಬರಹ ತಂತ್ರಾಂಶಗಳಲ್ಲಿ ಹಿಂದೆ ಟೈಪ್ ಮಾಡಿದ ಪತ್ರ, ಲಗ್ನಪತ್ರಿಕೆಗಳು ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. "ಫೈಲ್ ಕರಪ್ಟ್ ಆಗ್ಯಾವು" ಎಂದು ಡಿಲೀಟ್ ಮಾಡಿದವರಿದ್ದಾರೆ. ಆ ಫೈಲ್ ಹಾಳಾಗಿಲ್ಲ. ಯೂನಿಕೋಡ್ ಅಲ್ಲದ ಆ ಬರವಣಿಗೆ ಆಯಾ ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ, ಫಾರ್ಮ್ಯಾಟಿನಲ್ಲಿ ಹೋದದ್ದು ಆ ಫಾಂಟು. ನುಡಿಯನ್ನೋ ಬರಹವನ್ನೋ ಮತ್ತೆ ಇನ್‌ಸ್ಟಾಲ್ ಮಾಡಿ, ಫೈಲ್ ತೆರೆದು ನೋಡಿ.