ಕಾಳೀ ನದಿಯ ನೀರು ಮತ್ತು ನೀರಾಟ

ಪಡುವಣ ಕಡಲನ್ನು ಸೇರಬೇಕಾದ ಹೊಳೆಯು ಮೊದಲು ಮೂಡಲಿಗೆ ಮುಖಮಾಡಿ ಹರಿಯುವದೆಂದರೆ ಕೇಳಿದವರಿಗೆ ಸೋಜಿಗವೆನಿಸಬಹುದು. ಉತ್ತರ ಕನ್ನಡದ ಕಾಳೀ ನದಿಯ ನಡೆಯೇ ಹಾಗಿದೆ. ಗೋವೆಯ ಗಡಿಗೆ ಸಮೀಪದಲ್ಲಿ, ಜೋಯಿಡಾ ತಾಲೂಕಿನ ಡಿಗ್ಗಿ ಗ್ರಾಮದ ಬಳಿ ಹುಟ್ಟುವ ಈ ನದಿಯು ಸಹ್ಯಾದ್ರಿಯ ಮೇಲೆಯೇ ಪೂರ್ವಕ್ಕೆ ಸಾಗಿ, ಸೂಪೆಯಲ್ಲಿ ಪಾಂಡರಿಯನ್ನು ಕೂಡಿಕೊಂಡು, ದಾಂಡೇಲಿಯನ್ನು ದಾಟಿದ ಬಳಿಕ ದಕ್ಷಿಣಕ್ಕೆ ಹೊರಳುತ್ತದೆ. ಅಲ್ಲಿಂದ ಆಳವಾದ ಕಣಿವೆಯೊಳಗೆ ಘಟ್ಟವನ್ನಿಳಿದು, ಪಶ್ಚಿಮಕ್ಕೆ ತಿರುಗಿ, ಕಾರವಾರ ಸದಾಶಿವಗಡಗಳ ನಡುವೆ ಅರಬೀ ಸಮುದ್ರವನ್ನು ಸೇರುತ್ತದೆ. ಉದ್ದವು ಸುಮಾರು 184 ಕಿಲೋಮೀಟರು. ಅಷ್ಟೂ ಪಯಣವು ಒಂದೇ ಜಿಲ್ಲೆಯೊಳಗೆ ಮುಗಿಯುವದು.

ಹಿಂದೆ ಈ ಹೊಳೆಗೆ ಮಳೆಗಾಲವೊಂದೇ ಒಡೆಯ. ಆಷಾಢ ಶ್ರಾವಣಗಳಲ್ಲಿ ದಡವನ್ನು ಮೀರುವದು, ಚೈತ್ರದ ಹೊತ್ತಿಗೆ ಬಂಡೆಗಳ ನಡುವೆ ಸೊರಗುವದು ಅದರ ಸ್ವಭಾವವಾಗಿತ್ತು. ಸೂಪೆಯಲ್ಲಿ 101 ಮೀಟರು ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ನೀರು ನಿಂತ ಮೇಲೆ ಆ ಕ್ರಮವು ತಪ್ಪಿತು. ಒಂದು ತಾಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದ ಹಳೆಯ ಸೂಪೆಯು ಜಲಾಶಯದ ತಳವನ್ನು ಸೇರಿತು. ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಹೊರಟವರಲ್ಲಿ ಅನೇಕರಿಗೆ ರಾಮನಗರದಲ್ಲಿ ನೆಲೆ ದೊರೆಯಿತು. ನಾಡಿನ ದೀಪಗಳಿಗಾಗಿ ಅವರು ತೆತ್ತ ಬೆಲೆಯನ್ನು ಇಂದು ಆ ದಾರಿಯಲ್ಲಿ ಉಲ್ಲಾಸಕ್ಕಾಗಿ ಹೋಗುವವರು ನೆನೆಯುವದು ಅಪರೂಪ.

ಆ ಉಲ್ಲಾಸದ ಮೂಲವೂ ಅಣೆಕಟ್ಟೇ ಎಂಬದು ವಿಚಿತ್ರವಾದರೂ ನಿಜ. ಸೂಪೆಯ ಕೆಳಗೆ ಗಣೇಶಗುಡಿಯ ಬಳಿ ರಬ್ಬರಿನ ತೆಪ್ಪಗಳಲ್ಲಿ ಕುಳಿತು, ಹುಟ್ಟು ಹಾಕುತ್ತ, ನೊರೆಯೇಳುವ ಸೆಳವುಗಳನ್ನು ಇಳಿಯುವ ಆಟವು ಈಗ ಬಹು ಪ್ರಸಿದ್ಧವಾಗಿದೆ. ಬೇಸಿಗೆಯಲ್ಲಿ ಸಹಜವಾಗಿ ಬತ್ತಬೇಕಾದ ಹೊಳೆಯಲ್ಲಿ ಈ ಆಟಕ್ಕೆ ನೀರೆಲ್ಲಿಯದು? ಅಣೆಕಟ್ಟಿನ ಬುಡದಲ್ಲಿರುವ ವಿದ್ಯುದಾಗಾರವು ಯಂತ್ರವನ್ನು ತಿರುಗಿಸಿ ಹೊರಗೆ ಬಿಟ್ಟ ನೀರದು. ಯಂತ್ರವು ನಡೆದರೆ ಬಂಡೆಗಳು ಮುಳುಗಿ ಹೊಳೆ ಮೈದುಂಬುವದು; ನಿಂತರೆ ಕೆಲಹೊತ್ತಿನಲ್ಲಿಯೇ ಕಲ್ಲುಗಳು ತಲೆಯೆತ್ತುವವು. ಮಳೆಗಾಲದಲ್ಲಿಯಾದರೋ ಆಟವೇ ನಿಲ್ಲುತ್ತದೆ.

ಅಪಾಯವಿರುವದೂ ಇಲ್ಲಿಯೇ. ತೆಪ್ಪದವನಿಗೆ ನೀರಿನ ವೇಳೆ ಗೊತ್ತಿರುತ್ತದೆ, ಮೈಮೇಲೆ ತೇಲುವ ಅಂಗಿಯೂ ಇರುತ್ತದೆ. ಒಣಗಿದ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತ ಪರವೂರಿನ ಸಂಸಾರಕ್ಕೆ ಎರಡೂ ಇಲ್ಲ. ಆಕಾಶದಲ್ಲಿ ಮೋಡವಿಲ್ಲದಿರುವಾಗ ಹೊಳೆ ಏರೀತೆಂದು ಯಾರು ತಾನೆ ಎಣಿಸುವರು? ಭೋಂಗಾ ಒಂದನ್ನೇ ನೆಚ್ಚಿದರೆ ಸಾಲದು. ಸೆಳವಿನ ಭೋರ್ಗರೆತದಲ್ಲಿ ಅದು ಕಿವಿಗೆ ಬೀಳದೆ ಹೋಗಬಹುದು, ಬಿದ್ದರೂ ಹೊಸಬನಿಗೆ ಅದರ ಅರ್ಥ ತಿಳಿಯದು. ಆದುದರಿಂದ ಆಯಾ ದಿನ ನೀರು ಬಿಡುವ ವೇಳೆಯನ್ನು ಪ್ರತಿಯೊಂದು ಇಳಿದಾಣದಲ್ಲಿಯೂ ಕನ್ನಡದಲ್ಲಿ, ಜತೆಗೆ ಕೊಂಕಣಿ ಮರಾಠಿಗಳಲ್ಲಿಯೂ, ಹಲಗೆಯ ಮೇಲೆ ಬರೆದು ನಿಲ್ಲಿಸುವದು ಅಧಿಕಾರಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಇದಕ್ಕೆ ತಗಲುವ ಖರ್ಚು ಒಂದು ಹಲಗೆ, ಒಂದು ಸುಣ್ಣದ ಕಡ್ಡಿ, ಒಬ್ಬ ಜವಾನನ ಕಾಲುಗಂಟೆ.

ದಾಂಡೇಲಿಯ ಸುತ್ತಿನ ನಿಧಾನದ ನೀರಿನಲ್ಲಿ ಹರಿಗೋಲುಗಳಿವೆ, ಮೊಸಳೆಗಳೂ ಇವೆ. ಈಜುವ ಚಪಲವಿದ್ದವರು ಊರವರನ್ನು ಕೇಳದೆ ಇಳಿಯಬಾರದು. ಮುಂದೆ ಬೊಮ್ಮನಹಳ್ಳಿಯ ಕಟ್ಟೆಯಿಂದ ನೀರು ಸುರಂಗದ ಮೂಲಕ ನಾಗಝರಿಯ ವಿದ್ಯುದಾಗಾರಕ್ಕೆ ಹೋಗುವದು. ಆ ಬಳಿಕ ಕೊಡಸಳ್ಳಿ, ಕದ್ರಾ ಎಂಬ ಮತ್ತೆರಡು ಅಣೆಕಟ್ಟುಗಳು. ಕದ್ರಾದ ಹಿನ್ನೀರಿನ ದಂಡೆಯ ಮೇಲೆ ಕೈಗಾದ ಅಣುವಿದ್ಯುತ್ ಸ್ಥಾವರ. ಒಂದೇ ನೀರನ್ನು ಇಷ್ಟು ಸಲ ದುಡಿಸಿಕೊಳ್ಳುವ ನದಿಗಳು ನಮ್ಮಲ್ಲಿ ಹೆಚ್ಚಿಲ್ಲ.

ಕದ್ರಾ ದಾಟಿದ ಮೇಲೆ ಕಣಿವೆ ಅಗಲವಾಗುತ್ತದೆ. ಅಳಿವೆಯ ಸಮೀಪಕ್ಕೆ ಬಂದಂತೆ ಕಾಂಡ್ಲಾ ಗಿಡಗಳು, ಮೀನುಗಾರರ ದೋಣಿಗಳು. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲವಿದ್ದರು. ಆಗ ಒಂದು ಬೆಳದಿಂಗಳ ರಾತ್ರಿ ಈ ಹೊಳೆಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿ, ಹಿಂದಿರುಗುವಾಗ ಅಳಿವೆಯಲ್ಲಿಳಿದು, ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ಬರೆದಿರುವರು. ‘ಪ್ರಕೃತಿರ ಪ್ರತಿಶೋಧ’ವೆಂಬ ಅವರ ನಾಟಕವು ಹುಟ್ಟಿದ್ದು ಆ ವಾಸ್ತವ್ಯದಲ್ಲಿಯೇ. ಅಳಿವೆಯ ಅಂಬಿಗರು ಇಂದಿಗೂ ಉಬ್ಬರವಿಳಿತವನ್ನು ನೋಡಿಯೇ ದೋಣಿ ಬಿಡುತ್ತಾರೆ. ಆ ವೇಳೆಯು ಅವರ ಮನೆಯ ಮಕ್ಕಳಿಗೂ ಗೊತ್ತಿರುತ್ತದೆ.