ಜೈನ ಪುರಾಣಗಳಲ್ಲಿ ನದಿ: ವರ್ಣನೆ, ಸಿದ್ಧಾಂತ ಮತ್ತು ಪಾಠನಿರ್ಣಯ

ಜೈನ ಪುರಾಣಗಳನ್ನೂ ಶ್ರಾವಕಾಚಾರ ಗ್ರಂಥಗಳನ್ನೂ ಒಟ್ಟಿಗೆ ವ್ಯಾಸಂಗ ಮಾಡುವವರಿಗೆ ನದಿಯ ವಿಷಯದಲ್ಲಿ ಒಂದು ಸಂದೇಹವುಂಟಾಗುವುದು ಸಹಜವಾಗಿದೆ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ನದೀಸ್ನಾನ, ಸಮುದ್ರಸ್ನಾನ, ಮರಳು ಕಲ್ಲುಗಳ ರಾಶಿ ಮಾಡುವುದು, ಗಿರಿಪತನ, ಅಗ್ನಿಪ್ರವೇಶ ಇವುಗಳನ್ನು ಲೋಕಮೂಢತೆಯೆಂದು ಎಣಿಸಿದ್ದಾರೆ. ಸಮ್ಯಗ್ದೃಷ್ಟಿಯಾದವನು ಇವುಗಳಲ್ಲಿ ಪುಣ್ಯಬುದ್ಧಿಯನ್ನಿಡಲಾಗದು. ಆದರೆ ಜಿನಸೇನಾಚಾರ್ಯರ ಆದಿಪುರಾಣವನ್ನು ತೆರೆದರೆ ಗಂಗಾ ಸಿಂಧುಗಳ ವೈಭವಯುತವಾದ ವರ್ಣನೆ ಕಾಣುತ್ತದೆ. ಗಂಗಾದೇವಿಯೂ ಸಿಂಧುದೇವಿಯೂ ಭರತ ಚಕ್ರವರ್ತಿಗೆ ಅಭಿಷೇಕ ಮಾಡುತ್ತಾರೆ. ಈ ಎರಡಕ್ಕೂ ವಿರೋಧವಿದೆಯೆ? ಪುರಾಣಗಳ ನದೀವರ್ಣನೆ ವೈದಿಕ ಸಂಪ್ರದಾಯದಿಂದ ಬಂದು ಸೇರಿದುದೆಂದು ಭಾವಿಸಬೇಕೆ?

ಈ ಪ್ರಶ್ನೆ ಕೇವಲ ಕಾವ್ಯರಸಿಕರಿಗೆ ಸಂಬಂಧಿಸಿದ್ದಲ್ಲ. ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವವರು ನದಿಯನ್ನು ಕುರಿತ ಒಂದು ಪದ್ಯವನ್ನು ಮೂಲದ್ದೆಂದು ಉಳಿಸಿಕೊಳ್ಳಬೇಕೋ ಪ್ರಕ್ಷಿಪ್ತವೆಂದು ಕೈಬಿಡಬೇಕೋ ಎಂಬ ನಿರ್ಣಯವೂ ಇದನ್ನೇ ಅವಲಂಬಿಸಿದೆ. ಆದುದರಿಂದ ನದಿಗೆ ಲಕ್ಷಣಗ್ರಂಥಗಳಲ್ಲಿ, ಕರಣಾನುಯೋಗದಲ್ಲಿ ಹಾಗೂ ಕಥಾಸಾಹಿತ್ಯದಲ್ಲಿ ಯಾವ ಸ್ಥಾನವಿದೆಯೆಂಬುದನ್ನು ಬೇರೆ ಬೇರೆಯಾಗಿ ವಿವೇಚಿಸುವುದು ಅವಶ್ಯಕವಾಗಿದೆ.

ಲಕ್ಷಣಗ್ರಂಥಗಳಲ್ಲಿ ನದಿ

ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳನ್ನು ದಂಡಿಯು ಕಾವ್ಯಾದರ್ಶದಲ್ಲಿ ಪಟ್ಟಿ ಮಾಡಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ನಗರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯೋದಯ, ಉದ್ಯಾನ, ಜಲಕ್ರೀಡೆ, ಪ್ರಯಾಣ, ಯುದ್ಧ ಮೊದಲಾದವು ಅಲ್ಲಿ ಬರುತ್ತವೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಸಮುದ್ರಕ್ಕೂ ಪರ್ವತಕ್ಕೂ ಪ್ರತ್ಯೇಕ ಸ್ಥಾನವಿದ್ದರೂ ನದಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೂ ನದಿಯ ಪ್ರಸಂಗವಿಲ್ಲದ ಮಹಾಕಾವ್ಯ ವಿರಳ. ನದಿಯು ಸ್ವತಂತ್ರ ವರ್ಣ್ಯವಸ್ತುವಾಗಿ ಬರದೆ ಬೇರೊಂದು ವರ್ಣನೆಯ ಅಂಗವಾಗಿ ಬರುವುದೇ ಇದಕ್ಕೆ ಕಾರಣವೆನ್ನಬಹುದು. ನಗರವರ್ಣನೆಯಲ್ಲಿ ಅದು ಪರಿಖೆಯಂತೆ ಸುತ್ತುವರಿಯುತ್ತದೆ. ಪ್ರಯಾಣದಲ್ಲಿ ಸೇನೆ ಬೀಡುಬಿಡುವ ಎಡೆಯಾಗುತ್ತದೆ. ಜಲಕ್ರೀಡೆಯಲ್ಲಿ ಶೃಂಗಾರಕ್ಕೆ ಉದ್ದೀಪನವಾಗುತ್ತದೆ. ಎಂದರೆ ಕಾವ್ಯದಲ್ಲಿ ನದಿಯ ಬೆಲೆ ಅದರ ದಡದಲ್ಲಿ ನಡೆಯುವ ಕಾರ್ಯದಿಂದ ನಿರ್ಣಯವಾಗುತ್ತದೆ. ಈ ಮಾತು ಜೈನ ಕವಿಗಳ ವಿಷಯದಲ್ಲಿ ವಿಶೇಷವಾಗಿ ನಿಜ.

ಕನ್ನಡದಲ್ಲಿ ನದಿಗೆ ಇನ್ನೊಂದು ಉಪಯೋಗವೂ ಮೊದಲಿನಿಂದಲೇ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳಿಂದ ಗುರುತಿಸುತ್ತದೆ. ಅಲ್ಲಿ ನದಿಯು ಪುಣ್ಯವಸ್ತುವೂ ಅಲ್ಲ, ಅಲಂಕಾರವೂ ಅಲ್ಲ, ಅದು ಸೀಮೆ. ನದಿಯನ್ನು ಸೀಮಾರೇಖೆಯಾಗಿ ಕಾಣುವ ಈ ದೃಷ್ಟಿಯನ್ನು ಮುಂದಿನ ವಿವೇಚನೆಯಲ್ಲಿ ನೆನಪಿನಲ್ಲಿಡಬೇಕು.

ಕರಣಾನುಯೋಗದ ಮಹಾನದಿಗಳು

ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದ ದಿಗಂಬರಸಮ್ಮತ ಪಾಠದಲ್ಲಿ ಜಂಬೂದ್ವೀಪದ ಹದಿನಾಲ್ಕು ಮಹಾನದಿಗಳು ಹೇಳಲ್ಪಟ್ಟಿವೆ. ಗಂಗಾ, ಸಿಂಧು, ರೋಹಿತ್, ರೋಹಿತಾಸ್ಯಾ, ಹರಿತ್, ಹರಿಕಾಂತಾ, ಸೀತಾ, ಸೀತೋದಾ, ನಾರೀ, ನರಕಾಂತಾ, ಸುವರ್ಣಕೂಲಾ, ರೂಪ್ಯಕೂಲಾ, ರಕ್ತಾ, ರಕ್ತೋದಾ ಎಂದು ಏಳು ಜೋಡಿಗಳು. ಪ್ರತಿಯೊಂದು ಜೋಡಿಯಲ್ಲಿ ಮೊದಲನೆಯದು ಪೂರ್ವಸಮುದ್ರವನ್ನೂ ಎರಡನೆಯದು ಪಶ್ಚಿಮಸಮುದ್ರವನ್ನೂ ಸೇರುತ್ತದೆ. ಇವು ಹುಟ್ಟುವುದು ಆರು ಕುಲಪರ್ವತಗಳ ಮೇಲಿನ ಪದ್ಮ, ಮಹಾಪದ್ಮ, ತಿಗಿಂಛ, ಕೇಸರಿ, ಮಹಾಪುಂಡರೀಕ, ಪುಂಡರೀಕ ಎಂಬ ಆರು ಹ್ರದಗಳಿಂದ. ಮೊದಲನೆಯ ಪದ್ಮಹ್ರದದಿಂದಲೂ ಕಡೆಯ ಪುಂಡರೀಕಹ್ರದದಿಂದಲೂ ಮೂರು ಮೂರು ನದಿಗಳು, ಮಿಕ್ಕವುಗಳಿಂದ ಎರಡೆರಡು. ಹೀಗೆ ಲೆಕ್ಕ ಹದಿನಾಲ್ಕಕ್ಕೆ ಸರಿಹೋಗುತ್ತದೆ.

ಹಿಮವತ್ಪರ್ವತದ ಮೇಲಿರುವ ಪದ್ಮಹ್ರದದ ಉದ್ದ ೧೦೦೦ ಯೋಜನ, ಅಗಲ ೫೦೦ ಯೋಜನ, ಆಳ ೧೦ ಯೋಜನ. ಅದರ ಪೂರ್ವದ್ವಾರದಿಂದ ಹೊರಟ ಗಂಗೆಯ ಅಗಲ ೬ ಯೋಜನ ೧ ಕ್ರೋಶ. ಪರ್ವತದ ಮೇಲೆ ೫೦೦ ಯೋಜನ ಪೂರ್ವಾಭಿಮುಖವಾಗಿ ಹರಿದು, ಗಂಗಾಕೂಟದ ಬಳಿ ದಕ್ಷಿಣಕ್ಕೆ ತಿರುಗಿ, ಗಂಗಾಕುಂಡದಲ್ಲಿ ಬೀಳುತ್ತದೆ. ಅಲ್ಲಿಂದ ಹೊರಟು ವಿಜಯಾರ್ಧಪರ್ವತದ ಗುಹೆಯನ್ನು ಹಾಯ್ದು, ೧೪,೦೦೦ ಪರಿವಾರನದಿಗಳೊಡನೆ ೬೨ ಯೋಜನ ೨ ಕ್ರೋಶ ಅಗಲವಾಗಿ ಲವಣಸಮುದ್ರವನ್ನು ಸೇರುತ್ತದೆ.

ಪ್ರಪಾತದ ಸಂದರ್ಭದಲ್ಲಿ ಯತಿವೃಷಭರ ತಿಲೋಯಪಣ್ಣತ್ತಿಯೂ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರವೂ ಹೇಳುವ ಒಂದು ವಿಷಯ ಪ್ರಕೃತ ವಿವೇಚನೆಗೆ ಅತ್ಯಂತ ಮುಖ್ಯವಾದುದು. ಕುಂಡದ ನಡುವೆ ಗಂಗಾದೇವಿಯ ಪ್ರಾಸಾದವಿದೆ. ಅದರ ಅಗ್ರದಲ್ಲಿ ಜಟಾಮುಕುಟದಿಂದ ಕೂಡಿದ ಜಿನಪ್ರತಿಮೆ ಇದೆ. ಗಂಗೆಯು ಆ ಪ್ರತಿಮೆಗೆ ಅಭಿಷೇಕ ಮಾಡಬೇಕೆಂಬ ಮನಸ್ಸಿನಿಂದಲೋ ಎಂಬಂತೆ ಅದರ ಮಸ್ತಕದ ಮೇಲೆ ಬೀಳುತ್ತಾಳೆ. ಶಿವನ ಜಟೆಯಲ್ಲಿ ಗಂಗೆ ಇಳಿದ ಕಥೆಯನ್ನು ಬಲ್ಲವರು ಇದನ್ನು ಅದರ ಅನುಕರಣವೆಂದು ತಟ್ಟನೆ ಹೇಳಿಬಿಡಬಹುದು. ಆದರೆ ಎರಡರ ತಾತ್ಪರ್ಯ ಬೇರೆ. ಅಲ್ಲಿ ದೇವನು ನದಿಯ ವೇಗವನ್ನು ತಡೆದು ಲೋಕಕ್ಕೆ ಪಾವನಜಲವನ್ನು ಕೊಡುತ್ತಾನೆ. ಇಲ್ಲಿ ನದಿಯೇ ಪೂಜಕಿ, ಜಿನಬಿಂಬವು ಪೂಜ್ಯ. ಜಲವು ಜಿನನನ್ನು ಶುದ್ಧಗೊಳಿಸುವುದೂ ಇಲ್ಲ, ಜೀವಿಗಳ ಕರ್ಮವನ್ನು ತೊಳೆಯುವುದೂ ಇಲ್ಲ. ಅದು ಸ್ವತಃ ಸೇವೆಯಲ್ಲಿ ತೊಡಗಿದೆ. ವೃಷಭತೀರ್ಥಂಕರರಿಗೆ ಜಟೆಯನ್ನು ಹೇಳುವುದು ಜೈನ ಶಿಲ್ಪಕ್ಕೂ ಪುರಾಣಕ್ಕೂ ಸಮ್ಮತವಾದುದರಿಂದ ಜಟಾಮುಕುಟವೆಂಬ ಮಾತೂ ಅನ್ಯಮತದ್ದೆಂದು ಶಂಕಿಸಬೇಕಾಗಿಲ್ಲ.

ದಿಗ್ವಿಜಯದಲ್ಲಿ ಗಂಗಾ ಸಿಂಧುಗಳು

ಭರತಕ್ಷೇತ್ರವನ್ನು ವಿಜಯಾರ್ಧವು ಪೂರ್ವಪಶ್ಚಿಮವಾಗಿ ಸೀಳಿದರೆ, ಗಂಗಾ ಸಿಂಧುಗಳು ಉತ್ತರದಿಂದ ಇಳಿದು ಎರಡೂ ಭಾಗಗಳನ್ನು ಮೂರು ಮೂರಾಗಿ ವಿಂಗಡಿಸುತ್ತವೆ. ಹೀಗಾದುದೇ ಷಟ್ಖಂಡ. ದಕ್ಷಿಣದ ನಡುಖಂಡವು ಆರ್ಯಖಂಡ, ಉಳಿದ ಐದು ಮ್ಲೇಚ್ಛಖಂಡಗಳು. ನದಿಗಳೆರಡಿಲ್ಲದಿದ್ದರೆ ಷಟ್ಖಂಡವೇ ಇಲ್ಲ. ಷಟ್ಖಂಡವಿಲ್ಲದಿದ್ದರೆ ಚಕ್ರವರ್ತಿತ್ವವೆಂಬ ಪದವಿಗೆ ಅರ್ಥವಿಲ್ಲ. ಆದುದರಿಂದ ಆದಿಪುರಾಣದಲ್ಲಿ ಗಂಗಾ ಸಿಂಧುಗಳ ವರ್ಣನೆ ಬರುವುದು ಬರಿಯ ಅಲಂಕಾರಕ್ಕಲ್ಲ. ಅವು ಕಥೆಯ ಅಸ್ಥಿಪಂಜರವೇ ಆಗಿವೆ. ಭರತನು ಗಂಗೆಯನ್ನು ಅನುಸರಿಸಿ ಪೂರ್ವಸಮುದ್ರಕ್ಕೆ ಹೋಗಿ ಮಾಗಧದೇವನನ್ನು ಗೆಲ್ಲುತ್ತಾನೆ. ದಕ್ಷಿಣದಲ್ಲಿ ವರತನುವನ್ನೂ ಪಶ್ಚಿಮದಲ್ಲಿ ಪ್ರಭಾಸನನ್ನೂ ವಶಪಡಿಸಿಕೊಂಡು ವಿಜಯಾರ್ಧದ ಕಡೆಗೆ ತಿರುಗುತ್ತಾನೆ. ನದಿಯ ದಡವೇ ಚಕ್ರವರ್ತಿಯ ಹಾದಿ. ೯೪೧ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನಿಗೂ, ಹದಿನಾರನೆಯ ಶತಮಾನದಲ್ಲಿ ಭರತೇಶವೈಭವದ ದಿಗ್ವಿಜಯಭಾಗವನ್ನು ಸಾಂಗತ್ಯದಲ್ಲಿ ಹಾಡಿದ ರತ್ನಾಕರವರ್ಣಿಗೂ ಈ ಭೂಗೋಳವೇ ಆಧಾರ.

ವಿಜಯಾರ್ಧದ ಗುಹೆಯೊಳಗೆ ಉನ್ಮಗ್ನಜಲಾ, ನಿಮಗ್ನಜಲಾ ಎಂಬ ಎರಡು ನದಿಗಳು ಬರುತ್ತವೆ. ಮೊದಲನೆಯದು ತನ್ನಲ್ಲಿ ಬಿದ್ದ ಭಾರವಾದ ವಸ್ತುವನ್ನೂ ಮೇಲಕ್ಕೆಸೆಯುತ್ತದೆ. ಎರಡನೆಯದು ಹಗುರವಾದುದನ್ನೂ ಒಳಕ್ಕೆಳೆಯುತ್ತದೆ. ಚಕ್ರವರ್ತಿಯ ಪರಾಕ್ರಮವಾಗಲಿ ಸೇನೆಯ ಸಂಖ್ಯೆಯಾಗಲಿ ಇಲ್ಲಿ ಪ್ರಯೋಜನಕ್ಕೆ ಬಾರದು. ಸ್ಥಪತಿರತ್ನನು ಸೇತುವೆಯನ್ನು ನಿರ್ಮಿಸಿದ ಬಳಿಕವೇ ಸೈನ್ಯವು ದಾಟುತ್ತದೆ. ಮೀಯುವುದಕ್ಕೂ ಈಜುವುದಕ್ಕೂ ಒದಗದ ಈ ನದಿಗಳು ದಾಟುವುದಕ್ಕಾಗಿಯೇ ಇರುವಂಥವು.

ಅಭಿಷೇಕಜಲದ ವಿಷಯದಲ್ಲಿಯೂ ಜಿನಸೇನರು ತೋರಿರುವ ವಿವೇಕ ಸೂಕ್ಷ್ಮವಾದುದು. ವೃಷಭನಾಥರ ಜನ್ಮಾಭಿಷೇಕಕ್ಕೆ ದೇವತೆಗಳು ತರುವುದು ಕ್ಷೀರಸಮುದ್ರದ ಜಲ. ಲವಣೋದ, ಕಾಲೋದ, ಸ್ವಯಂಭೂರಮಣ ಇವು ಮೂರರಲ್ಲಿ ಮಾತ್ರ ಜಲಚರಗಳಿವೆಯೆಂದು ಆಗಮವು ಹೇಳುವುದರಿಂದ ಕ್ಷೀರಸಮುದ್ರದ ಜಲವು ಜಲಚರರಹಿತವಾದುದು. ಅದೇ ಸ್ವಾಮಿಯ ರಾಜ್ಯಾಭಿಷೇಕದಲ್ಲಿ ಗಂಗಾ ಸಿಂಧುಗಳ ಜಲ ಬರುತ್ತದೆ. ಆ ಜಲವೂ ಹಿಮವತ್ಕೂಟದಿಂದ ಬೀಳುವಾಗ ನೆಲವನ್ನು ಮುಟ್ಟುವ ಮೊದಲೇ ಸಂಗ್ರಹಿಸಿದ್ದು. ನದೀಜಲವು ರಾಜತ್ವದ ಲಾಂಛನ, ಕ್ಷೀರಜಲವು ಜಿನಕಲ್ಯಾಣದ ಅಂಗ ಎಂಬ ವಿಭಾಗ ಇಲ್ಲಿ ಸ್ಪಷ್ಟವಾಗಿದೆ. ಗಂಗಾದೇವಿ ಭರತನಿಗೆ ಅಭಿಷೇಕ ಮಾಡಿದುದೂ ಇದೇ ಅರ್ಥದಲ್ಲಿ. ಅದು ವಿಜಯಸತ್ಕಾರವೇ ಹೊರತು ಪಾಪಕ್ಷಾಲನವಲ್ಲ.

ನರ್ಮದೆಯ ದಡದ ಪ್ರಸಂಗ

ನದಿಯು ಕಥೆಯ ರಂಗವಾಗಿ ಸಾರ್ಥಕವಾಗುವುದಕ್ಕೆ ಜೈನ ರಾಮಾಯಣಗಳ ನರ್ಮದಾಪ್ರಸಂಗವು ಉತ್ತಮ ನಿದರ್ಶನ. ವಿಮಲಸೂರಿಯ ಪಉಮಚರಿಯದಲ್ಲಿಯೂ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿಯೂ ಇದು ಬಂದಿದೆ. ಮಾಹಿಷ್ಮತಿಯ ಅರಸನಾದ ಸಹಸ್ರರಶ್ಮಿಯು ಯಂತ್ರಗಳಿಂದ ನೀರನ್ನು ತಡೆದು ಅಂತಃಪುರದೊಡನೆ ಜಲಕ್ರೀಡೆಯಾಡುತ್ತಾನೆ. ಕೆಳಗಡೆ ರಾವಣನು ಮರಳದಿಣ್ಣೆಯ ಮೇಲೆ ಜಿನಪೂಜೆಯಲ್ಲಿ ತೊಡಗಿದ್ದಾನೆ. ತಡೆದ ನೀರು ಒಮ್ಮೆಗೇ ನುಗ್ಗಿ ಪೂಜೆಗೆ ಭಂಗವಾಗುತ್ತದೆ. ಯುದ್ಧದಲ್ಲಿ ಸಹಸ್ರರಶ್ಮಿ ಸೆರೆಯಾಗುತ್ತಾನೆ. ಚಾರಣಮುನಿಯಾಗಿದ್ದ ಅವನ ತಂದೆ ಶತಬಾಹುವು ಬರಲು ರಾವಣನು ಅವನನ್ನು ಗೌರವದಿಂದ ಬಿಡುಗಡೆ ಮಾಡುತ್ತಾನೆ. ಆದರೆ ಸಹಸ್ರರಶ್ಮಿಯು ರಾಜ್ಯಕ್ಕೆ ಮರಳದೆ ದೀಕ್ಷೆಯನ್ನು ಕೈಗೊಳ್ಳುತ್ತಾನೆ. ಇದನ್ನು ತಿಳಿದು ಅವನ ಮಿತ್ರನೂ ದಶರಥನ ತಂದೆಯೂ ಆದ ಅಯೋಧ್ಯೆಯ ಅನರಣ್ಯನು ಸಹ ವಿರಕ್ತನಾಗುತ್ತಾನೆ.

ವಾಲ್ಮೀಕಿರಾಮಾಯಣದ ಉತ್ತರಕಾಂಡದಲ್ಲಿ ಕಾರ್ತವೀರ್ಯಾರ್ಜುನನು ಸಾವಿರ ತೋಳುಗಳಿಂದ ನರ್ಮದೆಯನ್ನು ತಡೆಯುತ್ತಾನೆ. ರಾವಣನು ಅಲ್ಲಿ ಪೂಜಿಸುವುದು ಶಿವಲಿಂಗವನ್ನು. ಜೈನ ಕವಿಗಳು ಸಾವಿರ ತೋಳುಗಳ ಬದಲು ಯಂತ್ರವನ್ನು ತಂದು ಅಸಂಭವವನ್ನು ನಿವಾರಿಸಿದರೆಂಬುದಷ್ಟೇ ವಿಶೇಷವಲ್ಲ. ಒಂದೇ ನದಿಯ ದಡದಲ್ಲಿ ಶೃಂಗಾರವು ವೀರಕ್ಕೂ ವೀರವು ಶಾಂತಕ್ಕೂ ತಿರುಗಿದೆ. ಜಲಕ್ರೀಡೆಯೆಂಬ ಲಕ್ಷಣಸಿದ್ಧವಾದ ವರ್ಣನೆಯೇ ವೈರಾಗ್ಯಕ್ಕೆ ಕಾರಣವಾಗಿ ಪರಿಣಮಿಸಿದೆ. ಹೀಗಿರುವಾಗ, ಶೃಂಗಾರವು ಅಧಿಕವಾಯಿತೆಂದು ಇಂಥ ವರ್ಣನೆಯನ್ನು ಸಂಕ್ಷೇಪಿಸಿದರೆ ಕಥೆಯ ಫಲವೇ ಕುಗ್ಗುತ್ತದೆ.

ಪಾಠನಿರ್ಣಯದಲ್ಲಿ ಎಚ್ಚರ

ನದಿಗಳ ಹೆಸರುಗಳು ಒಂದನ್ನೊಂದು ಹೋಲುವುದರಿಂದ ಲಿಪಿಕಾರರ ಪ್ರಮಾದಕ್ಕೆ ಎಡೆ ಹೆಚ್ಚು. ಪದವಿಭಾಗವಿಲ್ಲದೆ ಬರೆಯುವ ಓಲೆಯಲ್ಲಿ ರೋಹಿತ್ ಮತ್ತು ರೋಹಿತಾಸ್ಯಾ ಸಂಧಿಯಾಗಿ ‘ರೋಹಿದ್ರೋಹಿತಾಸ್ಯಾ’ ಎಂದೂ, ಹರಿತ್ ಮತ್ತು ಹರಿಕಾಂತಾ ಸೇರಿ ‘ಹರಿದ್ಧರಿಕಾಂತಾ’ ಎಂದೂ ಆಗುತ್ತವೆ. ಇವನ್ನು ತಪ್ಪಾಗಿ ಬಿಡಿಸಿದರೆ ನದಿಗಳ ಸಂಖ್ಯೆ ವ್ಯತ್ಯಾಸವಾಗುತ್ತದೆ. ‘ಕೂಲಾ’ ಎಂಬುದು ಹ್ರಸ್ವವಾಗಿ ‘ಕುಲಾ’ ಆದರೆ ದಡವೆಂಬ ಅರ್ಥ ಹೋಗಿ ವಂಶವೆಂಬ ಅರ್ಥ ಬರುತ್ತದೆ.

ಆದರೆ ಎಲ್ಲ ಭೇದವೂ ಪ್ರಮಾದವಲ್ಲ. ಸ್ಥಾನಾಂಗ ಮೊದಲಾದ ಶ್ವೇತಾಂಬರ ಆಗಮಗಳಲ್ಲಿ ರೋಹಿತಾಸ್ಯಾ ಎಂಬೆಡೆ ರೋಹಿತಾಂಶಾ, ರಕ್ತೋದಾ ಎಂಬೆಡೆ ರಕ್ತವತೀ ಎಂಬ ಹೆಸರುಗಳಿವೆ. ರಮ್ಯಕಕ್ಷೇತ್ರದಲ್ಲಿ ದಿಗಂಬರರು ಹೇಳುವ ನಾರೀ ನರಕಾಂತೆಯರ ಸ್ಥಾನದಲ್ಲಿ ಅಲ್ಲಿ ನರಕಾಂತಾ ನಾರೀಕಾಂತೆಯರು ಬರುತ್ತಾರೆ. ಇದರ ಪರಿಣಾಮ ಗಮನಾರ್ಹ. ದಿಗಂಬರ ಪಾಠದಲ್ಲಿ ನರಕಾಂತೆ ಪಶ್ಚಿಮಕ್ಕೆ ಹರಿಯುವವಳು. ಶ್ವೇತಾಂಬರ ಪಾಠದಲ್ಲಿ ಪೂರ್ವಕ್ಕೆ. ಒಂದು ಸಂಪ್ರದಾಯದ ಗ್ರಂಥವನ್ನು ಇನ್ನೊಂದರ ಆಧಾರದಿಂದ ತಿದ್ದಿದರೆ ನದಿಯ ದಿಕ್ಕೇ ಬದಲಾಗುತ್ತದೆ. ಆದುದರಿಂದ ಪ್ರತಿಯು ಯಾವ ಆಮ್ನಾಯದ್ದೆಂಬುದನ್ನು ನಿಶ್ಚಯಿಸಿಕೊಂಡ ಬಳಿಕವೇ ಪಾಠವನ್ನು ನಿರ್ಣಯಿಸಬೇಕು.

ಪ್ರಮಾಣಗಳ ವಿಷಯದಲ್ಲಿ ಗಣಿತವೇ ಸಹಾಯಕ. ಉಗಮದ ಅಗಲಕ್ಕಿಂತ ಸಂಗಮದ ಅಗಲ ಹತ್ತರಷ್ಟು. ಗಂಗೆಯಿಂದ ಸೀತೆಯವರೆಗೆ ಉಗಮದ ಅಗಲ ಇಮ್ಮಡಿಯಾಗುತ್ತ ಹೋಗುತ್ತದೆ: ೬ ಯೋಜನ ೧ ಕ್ರೋಶ, ೧೨ ಯೋಜನ ೨ ಕ್ರೋಶ, ೨೫ ಯೋಜನ, ೫೦ ಯೋಜನ. ಸೀತೆಯ ಸಂಗಮದ ಅಗಲ ೫೦೦ ಯೋಜನ. ಯೋಜನಕ್ಕೆ ನಾಲ್ಕು ಕ್ರೋಶ. ಸವೆದ ಗರಿಯಲ್ಲಿ ಅಂಕೆ ಅಸ್ಪಷ್ಟವಾಗಿದ್ದರೆ ಈ ಅನುಪಾತದಿಂದ ಪರೀಕ್ಷಿಸಬಹುದು. ಇಂದಿನ ಭೂಪಟದ ಗಂಗೆಯನ್ನು ಇದಕ್ಕೆ ಪ್ರಮಾಣವಾಗಿ ತರುವುದು ಮಾತ್ರ ಯುಕ್ತವಲ್ಲ.

ತೀರ್ಥಶಬ್ದದ ಅರ್ಥ

ಇಷ್ಟನ್ನು ಪರಿಶೀಲಿಸಿದ ಮೇಲೆ ಮೊದಲಿನ ಸಂದೇಹಕ್ಕೆ ಸಮಾಧಾನ ದೊರೆಯುತ್ತದೆ. ಆಚಾರ್ಯರು ನಿಷೇಧಿಸಿದ್ದು ನದಿಯನ್ನಲ್ಲ, ನೀರು ಕರ್ಮವನ್ನು ಕಳೆಯುತ್ತದೆಂಬ ಬುದ್ಧಿಯನ್ನು. ನೀರಿನಿಂದ ಸಿದ್ಧಿಯಾಗುವುದಾದರೆ ಜಲಚರಗಳೆಲ್ಲ ಸಿದ್ಧರಾಗಬೇಕಾಗಿತ್ತೆಂಬ ವಾದವು ಸೂತ್ರಕೃತಾಂಗದಷ್ಟು ಪ್ರಾಚೀನ. ಉತ್ತರಾಧ್ಯಯನದ ಹರಿಕೇಶಮುನಿಯು ಧರ್ಮವೇ ತನ್ನ ಸರೋವರವೆಂದೂ ಬ್ರಹ್ಮಚರ್ಯವೇ ತೀರ್ಥವೆಂದೂ ಉತ್ತರಿಸುತ್ತಾನೆ. ಜಲವು ಅಪ್ಕಾಯಿಕ ಜೀವಗಳ ಶರೀರವಾದುದರಿಂದ ಅದನ್ನು ಕಲಕದೆ, ಸೋಸಿ, ಮಿತವಾಗಿ ಬಳಸಬೇಕೆಂಬುದು ಶ್ರಾವಕನ ಆಚಾರ.

ತೀರ್ಥವೆಂದರೆ ಮೂಲತಃ ನದಿಯನ್ನು ದಾಟುವ ಎಡೆ. ಯಾವುದರಿಂದ ಸಂಸಾರವನ್ನು ದಾಟುವರೋ ಅದು ತೀರ್ಥ, ಅದನ್ನು ಪ್ರವರ್ತಿಸಿದವನು ತೀರ್ಥಂಕರ. ನದಿಗೆ ಜೈನ ಚಿಂತನೆಯಲ್ಲಿ ಇದಕ್ಕಿಂತ ಹಿರಿದಾದ ಸ್ಥಾನ ಬೇರೆ ಬೇಕಾಗಿಲ್ಲ. ಜಿನಬಿಂಬದ ಮೇಲೆ ಬೀಳುವ ಗಂಗೆ, ಷಟ್ಖಂಡವನ್ನು ವಿಭಾಗಿಸುವ ಗಂಗೆ, ಸೇತುವೆಯಿಂದ ದಾಟಬೇಕಾದ ಗುಹಾನದಿಗಳು, ವೈರಾಗ್ಯಕ್ಕೆ ನಿಮಿತ್ತವಾದ ನರ್ಮದೆ, ಇವುಗಳಲ್ಲಿ ಒಂದಾದರೂ ಮಿಂದು ಶುದ್ಧರಾಗುವ ನದಿಯಲ್ಲ. ನದಿಯನ್ನು ಕುರಿತ ಪದ್ಯವನ್ನು ಸಂಶಯಿಸುವ ಮೊದಲು ಪರಿಷ್ಕರ್ತನು ಕೇಳಬೇಕಾದ ಪ್ರಶ್ನೆ ಇದೊಂದೇ: ಇಲ್ಲಿ ನದಿಯು ಪೂಜಿಸುತ್ತಿದೆಯೆ, ಪೂಜಿಸಿಕೊಳ್ಳುತ್ತಿದೆಯೆ? ಮೊದಲನೆಯದಾದರೆ, ಆ ಪದ್ಯವು ಅನ್ಯಮತದ ಛಾಯೆಯುಳ್ಳದ್ದೆಂಬ ಕಾರಣದಿಂದ ಅದನ್ನು ತೆಗೆದುಹಾಕುವುದು ಸಾಧುವಾಗಲಾರದು.